ಪಕ್ಕದ ಗಾಲಿ ಬಿಚ್ಚಿದ ಮೇಲೆ

ಮಕ್ಕಳಿಗೆ ಸೈಕಲ್ ಕಲಿಸುವ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಸಂಪಾದಕರು ಹೋದ ಸಂಚಿಕೆಯಲ್ಲಿ ಎರಡು ಸಾಲು ಹಾಕಿದ್ದೇ ತಡ, ನನ್ನ ಮೇಜಿನ ಮೇಲೆ ಪತ್ರಗಳ ಕಟ್ಟು ಬಂದು ಕುಳಿತಿದೆ. ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದವನಿಗೆ ಇಷ್ಟು ಪತ್ರ ಬರುವುದು ಅಪರೂಪ. ಒಂದೇ ಸಂಗತಿಯನ್ನು ಹಲವರು ಕೇಳಿದ್ದಾರೆ. ಅಂಥವನ್ನು ಸೇರಿಸಿ ಒಂದಾಗಿಸಿದ್ದೇನೆ. ಹೆಸರು ಬೇಡವೆಂದು ಹೆಚ್ಚಿನವರು ಕೋರಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಪಕ್ಕದ ಗಾಲಿಗಳಿರುವ ಸೈಕಲ್ಲನ್ನು ಎರಡು ವರ್ಷದಿಂದ ಜೋರಾಗಿ ಓಡಿಸುತ್ತಿದ್ದಾಳೆ. ಗಾಲಿ ಬಿಚ್ಚಿದ ದಿನ ಮಾತ್ರ ಕಲ್ಲಿನಂತೆ ಬಿಗಿದು ಕುಳಿತಳು, ಮರುಕ್ಷಣ ವಾಲಿ ಬಿದ್ದಳು. ಗಾಲಿಗಳನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾ ಹೋಗಿ ಕೊನೆಗೆ ಬಿಚ್ಚಬೇಕು ಎನ್ನುತ್ತಾರೆ ನನ್ನ ಪತಿ. ಹಾಗಾದರೆ ಎರಡು ವರ್ಷ ಓಡಿಸಿದ್ದೆಲ್ಲ ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ಎರಡು ವರ್ಷದಲ್ಲಿ ಅವಳು ಪೆಡಲ್ ತುಳಿಯುವುದನ್ನು ಕಲಿತಿದ್ದಾಳೆ. ಸೈಕಲ್ ಸವಾರಿಯಲ್ಲಿ ಎಲ್ಲಕ್ಕಿಂತ ಸುಲಭದ ಭಾಗ ಅದು. ಕಷ್ಟದ ಭಾಗದ ಹತ್ತಿರ ಸುಳಿಯಲು ಆ ಎರಡು ಪುಟ್ಟ ಗಾಲಿಗಳು ಅವಳನ್ನು ಬಿಟ್ಟೇ ಇಲ್ಲ.

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನೀವು ಆಡಿರಬಹುದು. ಕೋಲು ಯಾವ ಕಡೆಗೆ ಬೀಳುತ್ತದೆಯೋ ಕೈ ಆ ಕಡೆಗೇ ಓಡಬೇಕು. ಸೈಕಲ್ಲಿನದೂ ಇದೇ ಲೆಕ್ಕ. ಎಡಕ್ಕೆ ವಾಲಿದರೆ ಹ್ಯಾಂಡಲನ್ನು ಎಡಕ್ಕೇ ಕೊಂಚ ತಿರುಗಿಸಬೇಕು. ಆಗ ಚಕ್ರಗಳು ಬೀಳುತ್ತಿರುವ ಭಾರದ ಕೆಳಗೆ ಬಂದು ಸೇರುತ್ತವೆ, ಸೈಕಲ್ ಎದ್ದು ನಿಲ್ಲುತ್ತದೆ. ಬೀಳುವ ದಿಕ್ಕಿಗೇ ತಿರುಗಿಸುವುದು ಮೊದಲು ವಿಚಿತ್ರವೆನಿಸುತ್ತದೆ, ಹೆದರಿದ ಮಗು ಇದಕ್ಕೆ ಸರಿಯಾಗಿ ಉಲ್ಟಾ ಮಾಡುತ್ತದೆ. ಇದನ್ನು ಬಾಯಲ್ಲಿ ಹೇಳಿ ಕಲಿಸಲು ಸಾಧ್ಯವಿಲ್ಲ. ಸೈಕಲ್ ವಾಲಬೇಕು, ವಾಲಿದ್ದು ಸೊಂಟಕ್ಕೆ ತಿಳಿಯಬೇಕು, ಕೈ ತಾನಾಗಿ ಉತ್ತರ ಕೊಡಬೇಕು. ಪಕ್ಕದ ಗಾಲಿಯಿದ್ದರೆ ಸೈಕಲ್ ವಾಲುವುದೇ ಇಲ್ಲವಲ್ಲ! ತಿರುವಿನಲ್ಲಿ ಒಳಕ್ಕೆ ಬಾಗಬೇಕಾದ ಮೈ ಹೊರಗಿನ ಗಾಲಿಯ ಮೇಲೆ ಒರಗುತ್ತದೆ. ನೀವು ಬಿಚ್ಚಿಟ್ಟ ಗಾಲಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಾನು ನೋಡಿದ ಜೋಡಿಗಳಲ್ಲಿ ಹಲವು ಸಲ ಒಂದು ಗಾಲಿಯ ಅಂಚು ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು; ಮಗು ಸದಾ ಆ ಕಡೆಗೇ ಭಾರ ಬಿಟ್ಟು ಕುಳಿತಿರುತ್ತದೆ.

ಗಾಲಿ ಮೇಲೆತ್ತುವ ಉಪಾಯ ನನಗೆ ಹಿಡಿಸುವುದಿಲ್ಲ. ಮಗು ‘ಟಕ್’ ಎಂದು ಒಂದು ಬದಿಗೆ ಒರಗಿಯೇ ಓಡಿಸುತ್ತದೆ, ಇನ್ನೂ ಎತ್ತಿದರೆ ಇನ್ನೂ ಓರೆಯಾಗಿ ಕೂರುತ್ತದೆ. ನಿಮ್ಮ ಪತಿಯವರಿಗೆ ಬೇಸರವಾಗದಂತೆ ತಿಳಿಸಿ.

ಬದಲಿಗೆ ಹೀಗೆ ಮಾಡಿ. ಗಾಲಿಗಳ ಜೊತೆ ಪೆಡಲ್‌ಗಳನ್ನೂ ಬಿಚ್ಚಿಬಿಡಿ. ಸೀಟಿನಲ್ಲಿ ಕುಳಿತಾಗ ಎರಡೂ ಪಾದಗಳು ಹಿಮ್ಮಡಿಸಮೇತ ನೆಲಕ್ಕೆ ತಾಗುವಷ್ಟು, ಮಂಡಿ ತುಸು ಬಾಗುವಷ್ಟು ಸೀಟು ಇಳಿಸಿ. ಟೈರಿಗೆ ಗಾಳಿ ಸರಿಯಾಗಿ ತುಂಬಿಸಿ. ಮೆತ್ತಗಾದ ಟೈರು ಉರುಳುವುದಿಲ್ಲ, ಎಳೆಯುತ್ತದೆ. ವಾಹನಗಳು ಬಾರದ, ನುಣುಪಾದ ನೆಲ ಹುಡುಕಿ. ಕಣ್ಣಿಗೆ ಕಂಡೂ ಕಾಣದಷ್ಟು ಇಳಿಜಾರಿದ್ದು, ಕೊನೆಯಲ್ಲಿ ಸಮತಟ್ಟಾಗಿ ತಾನೇ ನಿಲ್ಲುವಂತಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಿದ್ದರೆ ನೋವಾಗದೆಂದು ದಟ್ಟ ಹುಲ್ಲಿನ ಮೇಲೆ ಕಲಿಸುವವರಿದ್ದಾರೆ. ಹುಲ್ಲು ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ವೇಗವಿಲ್ಲದ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸುವುದು ನುರಿತವರಿಗೂ ಕಷ್ಟ, ಕಲಿಯುವವರ ಮಾತಂತೂ ಬೇಡ.

ಇನ್ನು ಅವಳ ಪಾಡಿಗೆ ಬಿಡಿ. ಮೊದಲು ಸೀಟಿನಲ್ಲಿ ಕುಳಿತು ನಡೆಯುತ್ತಾಳೆ. ಬೇಸರವಾಗಿ ಓಡುತ್ತಾಳೆ. ಆಮೇಲೆ ಎರಡು ಕಾಲುಗಳಿಂದಲೂ ಒಮ್ಮೆಗೇ ನೂಕಿ ತುಸು ತೇಲುತ್ತಾಳೆ. ಆ ಹಂತದಲ್ಲಿ ಮಗುವಿನ ಮುಖವನ್ನಲ್ಲ, ಬೂಟುಗಳನ್ನು ನೋಡಿ. ನೆಲದಿಂದ ಒಂದೆರಡು ಅಂಗುಲ ಮೇಲೆ, ಎರಡೂ ಬದಿಗೆ ಚಾಚಿಕೊಂಡು, ಯಾವಾಗ ಬೇಕಾದರೂ ಇಳಿಯಲು ಸಿದ್ಧವಾಗಿರುತ್ತವೆ. ಪಟಪಟನೆ ಕೇಳುತ್ತಿದ್ದ ಹೆಜ್ಜೆ ಸದ್ದು ಬಿಟ್ಟು ಬಿಟ್ಟು ಕೇಳತೊಡಗುತ್ತದೆ, ನಡುವೆ ಬರಿಯ ಚಕ್ರದ ಸದ್ದು. ಮುಂದಿನ ಚಕ್ರ ಅತ್ತಿತ್ತ ಚೂರುಚೂರೇ ಅಲುಗುತ್ತಿದ್ದರೆ ‘ನೇರ ಹಿಡಿ’ ಎಂದು ಕೂಗಬೇಡಿ. ಆ ಅಲುಗಾಟವೇ ನೀವು ಕಲಿಸಲು ಬಂದ ಪಾಠ.

ಕಾಲು ಮೇಲೆತ್ತಿ ಇಳಿಜಾರಿನ ಉದ್ದಕ್ಕೂ ತೇಲಿ, ಬೇಕೆಂದ ಕಡೆಗೆ ತಿರುಗಿ, ಬ್ರೇಕು ಹಿಡಿದು ನಿಲ್ಲುವಂತಾದ ಮೇಲೆ ಪೆಡಲ್ ಹಾಕಿ. ಒಂದು ಪೆಡಲ್ ಮುಂದೆ, ಅಡ್ಡಗೆರೆಗಿಂತ ತುಸು ಮೇಲಿರಲಿ. ಆ ಕಾಲಿನಿಂದ ಅದನ್ನು ಜೋರಾಗಿ ಒತ್ತಬೇಕು, ಇನ್ನೊಂದು ಕಾಲು ನೆಲವನ್ನು ನೂಕಿ ಮೇಲೇರಬೇಕು. ಪೆಡಲ್ ಹಾಕಿದ ದಿನವೇ ಓಡಿಸುವ ಮಕ್ಕಳು ಬಹಳ; ತುಳಿಯುವುದು ನಿಮ್ಮ ಮಗಳಿಗೆ ಆಗಲೇ ಗೊತ್ತು. ಒಂದು ದಿನಕ್ಕೆ 15–20 ನಿಮಿಷ ಸಾಕು. ದಣಿದ ಮಗು ಕಲಿಯುವುದಿಲ್ಲ, ಬೀಳುತ್ತದೆ.

ಪ್ರಶ್ನೆ: ನೀವು ಹೇಳುವಂತೆ ಪೆಡಲ್ ಬಿಚ್ಚಲು ಹೋದೆ (ನಿಮ್ಮದೇ ಹಳೆಯ ಉತ್ತರವೊಂದನ್ನು ಓದಿದ್ದೆ). ಬಲಗಡೆಯದು ಬಂತು. ಎಡಗಡೆಯದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ತುಕ್ಕು ಹಿಡಿದಿದೆಯೇ?

ಉತ್ತರ: ನೀವು ಅದನ್ನು ಬಿಗಿ ಮಾಡುತ್ತಿದ್ದೀರಿ. ಎಡ ಪೆಡಲಿನ ಮರೆ (ತಿರುಪಿನ ಸುರುಳಿ ಗೀರು) ಉಲ್ಟಾ ಇರುತ್ತದೆ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ತುಳಿಯುವಾಗ ಪೆಡಲ್ ತಾನಾಗಿ ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು ಇದು. ಎಡ ಬಲ ನೆನಪಿಡುವ ಗೋಜೇ ಬೇಡವೆಂದರೆ, ಸ್ಪ್ಯಾನರನ್ನು ಪೆಡಲಿನ ಬುಡಕ್ಕೆ, ಹಿಡಿ ಮೇಲ್ಮುಖವಾಗಿ ನೆಟ್ಟಗೆ ನಿಲ್ಲುವಂತೆ ಸಿಕ್ಕಿಸಿ ಸೈಕಲ್ಲಿನ ಹಿಂಚಕ್ರದ ಕಡೆಗೆ ಎಳೆಯಿರಿ. ಎರಡೂ ಪೆಡಲ್ ಹಾಗೆಯೇ ಬಿಚ್ಚುತ್ತವೆ. ಹೆಚ್ಚಿನವಕ್ಕೆ 15 ಮಿ.ಮೀ. ಸ್ಪ್ಯಾನರ್ ಸರಿಹೊಂದುತ್ತದೆ. ತಿರುಗಿ ಹಾಕುವಾಗ ಪೆಡಲಿನ ಮೇಲಿನ ಎಲ್ (ಎಡ), ಆರ್ (ಬಲ) ಅಕ್ಷರಗಳನ್ನು ನೋಡಿ, ಮೊದಲ ಕೆಲವು ಸುತ್ತು ಕೈಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಿಗಿಯೆನಿಸಿದರೆ ಓರೆಯಾಗಿ ಕೂತಿದೆ ಎಂದರ್ಥ. ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಮರೆ ಹಾಳಾಗಿ, ಪೆಡಲ್ ಜೋಡಿಸುವ ಕಬ್ಬಿಣವನ್ನೇ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಸೀಟು ಹಿಡಿದು ಹಿಂದೆ ಓಡಿ ಓಡಿ ನನ್ನ ಸೊಂಟ ಬಿದ್ದುಹೋಗಿದೆ. ಮೊನ್ನೆ ಹೇಳದೆ ಕೈ ಬಿಟ್ಟೆ. ಮಗ ಸ್ವಲ್ಪ ದೂರ ಹೋದ, ತಿರುಗಿ ನೋಡಿದ, ನಾನು ಹಿಂದಿಲ್ಲವೆಂದು ಗೊತ್ತಾಗಿ ಬಿದ್ದ. ಈಗ ಸೈಕಲ್ ಎಂದರೆ ಅಳುತ್ತಾನೆ. ನಮ್ಮಪ್ಪ ನನಗೆ ಕಲಿಸಿದ್ದೂ ಹೀಗೆಯೇ.

ಉತ್ತರ: ನಿಮ್ಮಪ್ಪ ಕಲಿಸಿದರು, ನೀವು ಕಲಿತಿರಿ, ಸರಿ. ಹೀಗೆ ಕಲಿತವರು ಲೆಕ್ಕವಿಲ್ಲದಷ್ಟು ಜನ. ಆದರೂ ಎರಡು ಆಕ್ಷೇಪಗಳಿವೆ.

ಮೊದಲನೆಯದು, ಸೀಟು ಹಿಡಿಯುವುದು. ನೀವು ಸೀಟು ಹಿಡಿದಾಗ ಸೈಕಲ್ ವಾಲದಂತೆ ತಡೆಯುತ್ತೀರಿ. ಅಂದರೆ ಪಕ್ಕದ ಗಾಲಿ ಮಾಡುತ್ತಿದ್ದ ಕೆಲಸವನ್ನೇ ಬೆವರು ಸುರಿಸಿ ಮಾಡುತ್ತಿದ್ದೀರಿ. ಮಗು ಹ್ಯಾಂಡಲಿನಿಂದ ಸರಿಮಾಡುವ ಮೊದಲೇ ನಿಮ್ಮ ಕೈ ಸರಿಮಾಡಿರುತ್ತದೆ. ಹ್ಯಾಂಡಲ್ ಹಿಡಿಯುವುದು ಇದಕ್ಕಿಂತ ಕೆಡುಕು. ಆಗ ಸವಾರಿ ನಿಮ್ಮದು, ಮಗು ಪ್ರಯಾಣಿಕ. ಸೈಕಲ್ಲನ್ನು ಮುಟ್ಟಲೇಬೇಡಿ, ಮಗುವನ್ನು ಹಿಡಿಯಿರಿ. ಪಕ್ಕದಲ್ಲಿ ತುಸು ಹಿಂದೆ ನಿಂತು, ಕಂಕುಳ ಕೆಳಗೆ ಅಥವಾ ಬೆನ್ನ ಮೇಲೆ ಅಂಗೈ ತಾಗಿಸಿ ಇಟ್ಟರೆ ಸಾಕು. ಎಳೆಯಬಾರದು, ಎತ್ತಬಾರದು. ಬೀಳುವಾಗ ಮಗು ನಿಮ್ಮ ಕೈಯಲ್ಲಿ ಉಳಿಯುತ್ತದೆ, ಸೈಕಲ್ ಬಿದ್ದರೆ ಬೀಳಲಿ. ಬಗ್ಗಿ ಓಡಬೇಕಿಲ್ಲದ್ದರಿಂದ ನಿಮ್ಮ ಸೊಂಟವೂ ಉಳಿಯುತ್ತದೆ.

ಎರಡನೆಯದು, ಹೇಳದೆ ಬಿಡುವುದು. ‘ಹಿಡಿದಿದ್ದೇನೆ, ಹಿಡಿದಿದ್ದೇನೆ’ ಎನ್ನುತ್ತಾ ಕೈಬಿಡುವುದನ್ನು ದೊಡ್ಡವರು ತಮಾಷೆಯ ಕಥೆಯಾಗಿ ಹೇಳಿಕೊಳ್ಳುತ್ತಾರೆ. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ಮಗು ಧೈರ್ಯ ಮಾಡಿದ್ದು ನಿಮ್ಮ ಮಾತನ್ನು ನಂಬಿ. ಆ ಮಾತು ಸುಳ್ಳೆಂದು ತಿಳಿದ ಮೇಲೆ ಅದು ಮುಂದೆ ನೋಡುವುದಿಲ್ಲ, ನಿಮ್ಮ ಕೈ ಇದೆಯೇ ಎಂದು ಹಿಂದೆ ನೋಡುತ್ತದೆ. ತಲೆ ಹಿಂದಕ್ಕೆ ತಿರುಗಿದರೆ ಭುಜ ತಿರುಗುತ್ತದೆ, ಭುಜದ ಜೊತೆ ಹ್ಯಾಂಡಲ್ ತಿರುಗುತ್ತದೆ. ನಿಮ್ಮ ಮಗ ಬಿದ್ದದ್ದು ಹೆದರಿಕೆಯಿಂದ ಎಷ್ಟೋ ಅಷ್ಟೇ ಈ ತಿರುಗಾಟದಿಂದ.

ಈಗ ಮಾಡಬೇಕಾದದ್ದು ಇಷ್ಟು. ಕೆಲವು ದಿನ ಸೈಕಲ್ ಮಾತೇ ಬೇಡ. ಆಮೇಲೆ ಪೆಡಲ್ ಬಿಚ್ಚಿ, ಎರಡು ಕಾಲೂ ನೆಲಕ್ಕೆ ತಾಗುವಂತೆ ಸೀಟು ಇಳಿಸಿ, ಅಂಗಳದಲ್ಲಿ ಸುಮ್ಮನೆ ನಿಲ್ಲಿಸಿಡಿ. ‘ಹತ್ತು’ ಎಂದು ಹೇಳಬೇಡಿ. ಅವನಾಗಿ ಹತ್ತಿದಾಗ ಒಂದು ಕರಾರು ಮಾಡಿಕೊಳ್ಳಿ: ಅವನು ‘ಬಿಡು’ ಎನ್ನುವವರೆಗೆ ನೀವು ಬಿಡುವುದಿಲ್ಲ, ‘ಬಿಡು’ ಎಂದ ಕೂಡಲೇ ಬಿಡುತ್ತೀರಿ. ಎರಡನ್ನೂ ಚಾಚೂ ತಪ್ಪದೆ ಪಾಲಿಸಿ.

ಪ್ರಶ್ನೆ: ಮೊಮ್ಮಗಳಿಗೆ ನಾಲ್ಕು ತುಂಬುತ್ತಿದೆ. ಒಂದು ಸೈಜು ದೊಡ್ಡದನ್ನೇ ತೆಗೆದುಕೊಟ್ಟರೆ ನಾಲ್ಕು ವರ್ಷ ಬರುತ್ತದೆ ಎಂದು ನನ್ನ ಲೆಕ್ಕ.

ಉತ್ತರ: ಲೆಕ್ಕ ಬಟ್ಟೆಗೆ ಸರಿ, ಸೈಕಲ್ಲಿಗೆ ಸರಿಯಲ್ಲ. ಮಕ್ಕಳ ಸೈಕಲ್ಲುಗಳನ್ನು ಚಕ್ರದ ಅಳತೆಯಲ್ಲಿ 12, 14, 16, 20 ಇಂಚು ಎಂದು ಮಾರುತ್ತಾರೆ, ಪಕ್ಕದಲ್ಲಿ ವಯಸ್ಸನ್ನೂ ಬರೆದಿರುತ್ತಾರೆ. ಆ ವಯಸ್ಸನ್ನು ನಂಬಬೇಡಿ, ಒಂದೇ ವಯಸ್ಸಿನ ಇಬ್ಬರು ಮಕ್ಕಳ ಕಾಲಿನ ಉದ್ದ ಒಂದೇ ಇರುವುದಿಲ್ಲ. ಮಗುವನ್ನು ಕರೆದೊಯ್ದು ಕೂರಿಸಿ ನೋಡಿ. ಸೀಟು ಪೂರ್ತಿ ಇಳಿಸಿದಾಗ ಎರಡೂ ಪಾದ ನೆಲಕ್ಕೆ ಊರಬೇಕು. ಸೀಟಿನ ಮುಂದೆ ನಿಂತರೆ ಚೌಕಟ್ಟಿಗೂ ಕಾಲ ಸಂದಿಗೂ ಒಂದಿಷ್ಟು ಅಂತರವಿರಬೇಕು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ: ತೂಕ. 17 ಕೆ.ಜಿ. ಮಗುವಿಗೆ 9 ಕೆ.ಜಿ. ಸೈಕಲ್ ಕೊಟ್ಟರೆ ಅದು ಮಗುವಿನ ಅರ್ಧಕ್ಕಿಂತ ಹೆಚ್ಚಾಯಿತು. 60 ಕೆ.ಜಿ. ತೂಗುವವರು 32 ಕೆ.ಜಿ. ಸೈಕಲ್ಲನ್ನು ಬೀಳದಂತೆ ಹಿಡಿಯುವಷ್ಟು ಕಷ್ಟ. ಬಣ್ಣದ ಬುಟ್ಟಿ, ಗಂಟೆ, ಹಿಂದಿನ ಕ್ಯಾರಿಯರ್ ಎಲ್ಲ ಇರುವುದನ್ನು ಮೊಮ್ಮಗಳು ಕೇಳುತ್ತಾಳೆ, ಬಲ್ಲೆ. ಗಂಟೆ ಕೊಡಿಸಿ, ಕ್ಯಾರಿಯರ್ ಬೇಡ. ಹಳೆಯದಾದರೂ ಹಗುರವಾದದ್ದು ಸಿಕ್ಕರೆ ಅದೇ ಮೇಲು.

ಪ್ರಶ್ನೆ: ಮಗ ಚೆನ್ನಾಗಿ ಓಡಿಸುತ್ತಾನೆ, ಆದರೆ ನಿಲ್ಲಿಸುವುದಿಲ್ಲ. ಬೂಟು ಉಜ್ಜುತ್ತಾನೆ, ಇಲ್ಲವೇ ಹಾರುತ್ತಾನೆ.

ಉತ್ತರ: ಅವನನ್ನು ಬೈಯುವ ಮೊದಲು ಬ್ರೇಕನ್ನು ನಿಮ್ಮ ಕಿರುಬೆರಳೊಂದರಿಂದ ಎಳೆದು ನೋಡಿ. ನಿಮಗೇ ಬಿಗಿಯೆನಿಸಿದರೆ ಐದು ವರ್ಷದ ಕೈಗೆ ಅದು ಗೋಡೆ. ತಂತಿಗೆ ಎಣ್ಣೆ ಬಿಟ್ಟು ಸಡಿಲ ಮಾಡಿಸಿ. ಬ್ರೇಕಿನ ಹಿಡಿಕೆ ಹ್ಯಾಂಡಲಿನಿಂದ ದೂರವಿದ್ದರೆ ಪುಟ್ಟ ಬೆರಳು ತಲುಪುವುದಿಲ್ಲ. ಹೆಚ್ಚಿನ ಹಿಡಿಕೆಗಳ ಬುಡದಲ್ಲಿ ಅದನ್ನು ಹತ್ತಿರ ತರುವ ಸಣ್ಣ ತಿರುಪು ಇರುತ್ತದೆ. ಬೆರಳಿನ ಮೊದಲ ಗೆಣ್ಣು ಹಿಡಿಕೆಯನ್ನು ಸುತ್ತಿ ಹಿಡಿಯಬೇಕು.

ಬಳಿಕ ಸೈಕಲ್ ಹತ್ತಿಸದೆ, ಪಕ್ಕದಲ್ಲಿ ನೂಕಿಕೊಂಡು ನಡೆಸಿ. ‘ನಿಲ್ಲು’ ಎಂದಾಗ ಎರಡೂ ಬ್ರೇಕನ್ನು ಮೆಲ್ಲಗೆ ಒಟ್ಟಿಗೆ ಹಿಡಿಯಬೇಕು. ಮುಂದಿನದನ್ನೊಂದೇ ಗಪ್ಪನೆ ಹಿಡಿದರೆ ಹಿಂಚಕ್ರ ಮೇಲೇಳುತ್ತದೆ. ಇದನ್ನು ನಡೆಸುವಾಗಲೇ ತೋರಿಸಿ, ಮಕ್ಕಳಿಗೆ ಖುಷಿಯೂ ಆಗುತ್ತದೆ, ನೆನಪೂ ಉಳಿಯುತ್ತದೆ. ನಿಲ್ಲಿಸಲು ಬಾರದ ಮಗುವನ್ನು ಕಡಿದಾದ ಇಳಿಜಾರಿಗೆ ಬಿಡಬೇಡಿ.

ಪ್ರಶ್ನೆ: ಅಷ್ಟು ದೊಡ್ಡ ಮೈದಾನದಲ್ಲಿ ಇರುವುದು ಒಂದೇ ಕಂಬ. ನನ್ನ ಮಗಳು ಹೋಗಿ ಅದಕ್ಕೇ ಗುದ್ದುತ್ತಾಳೆ.

ಉತ್ತರ: ‘ಕಂಬ ನೋಡು, ಕಂಬ!’ ಎಂದು ನೀವು ಕೂಗುತ್ತಿರಬೇಕು. ಅವಳು ವಿಧೇಯಳು, ಕಂಬವನ್ನೇ ನೋಡುತ್ತಾಳೆ. ಕಣ್ಣು ಹೋದ ಕಡೆ ಸೈಕಲ್ ಹೋಗುತ್ತದೆ. ಹೋಗಬಾರದ ಜಾಗವನ್ನು ಬಿಟ್ಟು ಹೋಗಬೇಕಾದ ಜಾಗವನ್ನು ಕೂಗಿ ಹೇಳಿ. ನೀವೇ ಅಲ್ಲಿ ಹೋಗಿ ನಿಂತರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಏಳನೇ ತರಗತಿ. ಚಕ್ರಗಳು ತಿರುಗುವುದರಿಂದಲೇ ಸೈಕಲ್ ಬೀಳುವುದಿಲ್ಲ ಎಂದು ಅಣ್ಣ ಹೇಳುತ್ತಾನೆ. ನಿಜವೇ?

ಉತ್ತರ: ಅಣ್ಣನ ಮಾತಿನಲ್ಲಿ ಅರ್ಧ ಸತ್ಯವಿದೆ. ತಿರುಗುವ ಚಕ್ರಕ್ಕೆ ತಾನಿದ್ದ ದಿಕ್ಕನ್ನು ಬಿಡಲೊಲ್ಲದ ಗುಣವಿದೆ, ಅದು ಒಂದಿಷ್ಟು ನೆರವಾಗುತ್ತದೆ. ಆದರೆ ಅದೊಂದೇ ಕಾರಣವಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಆ ಗುಣವನ್ನು ರದ್ದು ಮಾಡುವಂತೆ ಉಲ್ಟಾ ತಿರುಗುವ ಚಕ್ರಗಳನ್ನು ಜೋಡಿಸಿ ಒಂದು ವಿಚಿತ್ರ ಸೈಕಲ್ ಮಾಡಿದರು. ಸವಾರನಿಲ್ಲದೆ ನೂಕಿದರೂ ಅದು ನೆಟ್ಟಗೆ ಓಡಿತು. ವಾಲಿದ ಕಡೆಗೆ ಮುಂಚಕ್ರ ತಾನಾಗಿ ತಿರುಗುವಂತೆ ಅದರ ರಚನೆಯಿತ್ತು. ಮೊದಲ ಉತ್ತರದಲ್ಲಿ ಹೇಳಿದ್ದೂ ಈ ತಿರುಗುವಿಕೆಯನ್ನೇ.

ಒಂದು ಮೋಜು ನೀನೇ ಗಮನಿಸಬಹುದು. ಗೋಡೆಗೆ ತೀರಾ ಹತ್ತಿರವಾಗಿ ಸೈಕಲ್ ಓಡಿಸುವಾಗ ಗೋಡೆಯಿಂದ ದೂರ ಸರಿಯುವುದು ಕಷ್ಟ. ಯಾಕೆಂದರೆ ಬಲಕ್ಕೆ ತಿರುಗಲು ಸೈಕಲ್ ಬಲಕ್ಕೆ ವಾಲಬೇಕು, ಹಾಗೆ ವಾಲಿಸಲು ಹ್ಯಾಂಡಲನ್ನು ಒಂದು ಕ್ಷಣ ಎಡಕ್ಕೆ ತಿರುಗಿಸಬೇಕು, ಎಡಕ್ಕೆ ಗೋಡೆಯಿದೆ! ನಾವೆಲ್ಲ ದಿನವೂ ಹೀಗೆ ಮಾಡುತ್ತೇವೆ, ಮಾಡುತ್ತಿದ್ದೇವೆಂದು ತಿಳಿಯದೆ. (ತಂದೆತಾಯಿಯರು ಗೋಡೆಯ ಬದಿಯಲ್ಲಿ ಸೈಕಲ್ ಕಲಿಸಬಾರದು ಎನ್ನುವುದಕ್ಕೂ ಇದೇ ಕಾರಣ.)

ಅಣ್ಣನಿಗೆ ಇದನ್ನೂ ಹೇಳು: ಎರಡು ಚಕ್ರದ ಮೊದಲ ಸವಾರಿಗಾಡಿಗೆ ಪೆಡಲೇ ಇರಲಿಲ್ಲ. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿದ ಮರದ ಗಾಡಿಯನ್ನು ಕಾಲಿನಿಂದ ನೆಲ ನೂಕಿಯೇ ಮುಂದೆ ತಳ್ಳಬೇಕಿತ್ತು. ಮುಂಚಕ್ರಕ್ಕೆ ಪೆಡಲ್ ಜೋಡಿಸಿದ ಗಾಡಿಗಳು ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದು 1860ರ ದಶಕದಲ್ಲಿ. ಜಗತ್ತು ಕಲಿತ ಕ್ರಮವೂ ಮೊದಲು ಸಮತೋಲನ, ಆಮೇಲೆ ಪೆಡಲ್.

ಪ್ರಶ್ನೆ: ಹೆಲ್ಮೆಟ್ ನಿಜವಾಗಿ ಬೇಕೆ? ಮೊಣಕಾಲಿನ ಕವಚ?

ಉತ್ತರ: ಹೆಲ್ಮೆಟ್ ಬೇಕೇ ಬೇಕು, ನೂಕುವ ಹಂತದಿಂದಲೇ. ಹುಬ್ಬಿನಿಂದ ಎರಡು ಬೆರಳು ಮೇಲೆ, ಸಮನಾಗಿ ಕೂರಬೇಕು. ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ಹಣೆ ಪೂರ್ತಿ ಕಾಣುವಂತೆ ಹಿಂದಕ್ಕೆ ಜಾರಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಜೋರಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಿ. ಜಾರುಬಂಡೆ, ಏಣಿ ಹತ್ತುವಾಗ ತೆಗೆಸಿ, ಪಟ್ಟಿ ಸಿಕ್ಕಿಕೊಂಡು ಕುತ್ತಿಗೆ ಬಿಗಿಯುವ ಅಪಾಯವಿದೆ. ಮೊಣಕಾಲಿನ ಕವಚ ಮಗುವಿಗೆ ಧೈರ್ಯ ಕೊಡುವುದಾದರೆ ಹಾಕಿ. ಬೂಟಿನ ದಾರ ಒಳಗೆ ಸಿಕ್ಕಿಸಿ, ಅಗಲ ಪೈಜಾಮ ಬೇಡ. ಎರಡೂ ಚೈನಿಗೆ ಇಷ್ಟ. ತರಚಿದರೆ ಸೋಪು, ಹರಿಯುವ ನೀರು ಸಾಕು. ತಲೆಗೆ ಪೆಟ್ಟಾದ ಮೇಲೆ ವಾಂತಿ, ಮಂಪರು, ಗೊಂದಲ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ದೊಡ್ಡವನಿಗೆ ಒಂಬತ್ತು, ಇನ್ನೂ ಬರುವುದಿಲ್ಲ. ಐದು ವರ್ಷದ ತಮ್ಮ ಕಲಿತುಬಿಟ್ಟ. ಈಗ ದೊಡ್ಡವನು ಸೈಕಲ್ಲೇ ಬೇಡ ಎನ್ನುತ್ತಾನೆ.

ಉತ್ತರ: ತಮ್ಮನನ್ನು ಮನೆಯಲ್ಲಿ ಬಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ ದೊಡ್ಡವನನ್ನು ಕರೆದೊಯ್ಯಿರಿ. ‘ನೋಡು, ತಮ್ಮ ಹೇಗೆ ಓಡಿಸುತ್ತಾನೆ’ ಎಂಬ ಮಾತು ಆ ಮನೆಯಲ್ಲಿ ಇನ್ನು ಕೇಳಿಸಕೂಡದು. ಪೆಡಲ್ ಬಿಚ್ಚುವುದನ್ನು ಅವನ ಕೈಯಿಂದಲೇ ಮಾಡಿಸಿ. ಸ್ಪ್ಯಾನರ್ ಹಿಡಿದ ಒಂಬತ್ತು ವರ್ಷದ ಹುಡುಗನಿಗೆ ಅದು ಚಿಕ್ಕಮಕ್ಕಳ ಆಟ ಎನಿಸುವುದಿಲ್ಲ. ದೊಡ್ಡ ಮಕ್ಕಳು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವುದರಿಂದ ಸಾಮಾನ್ಯವಾಗಿ ಬೇಗ ಕಲಿಯುತ್ತಾರೆ. ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಅಕ್ಷರ ಬರೆಯುವುದು ಇವೂ ಅವನಿಗೆ ಮೊದಲಿನಿಂದ ಕಷ್ಟವಾಗಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ಮೈಕೈ ಹೊಂದಿಸುವುದು ಕೆಲವು ಮಕ್ಕಳಿಗೆ ನಿಜವಾಗಿಯೂ ಕಷ್ಟ, ಅದಕ್ಕೆ ತರಬೇತಿ ಕೊಡುವ ತಜ್ಞರಿದ್ದಾರೆ. ಅದನ್ನು ಸೋಮಾರಿತನ ಎನ್ನಬೇಡಿ.

ಪ್ರಶ್ನೆ: ನನಗೇ ಸೈಕಲ್ ಬರುವುದಿಲ್ಲ. ಮಗನಿಗೆ ನಾನು ಹೇಗೆ ಕಲಿಸಲಿ?

ಉತ್ತರ: ಧಾರಾಳವಾಗಿ ಕಲಿಸಬಹುದು. ಮೇಲೆ ಹೇಳಿದ ಯಾವುದಕ್ಕೂ ನೀವು ಸವಾರಿ ಮಾಡಬೇಕಿಲ್ಲ. ಸವಾರಿ ಬಲ್ಲ ಅಪ್ಪಂದಿರಿಗಿಂತ ನೀವು ಒಂದು ಕೈ ಮೇಲೆಂದೇ ನನ್ನ ಅನಿಸಿಕೆ. ಅವರಂತೆ ‘ಇಷ್ಟು ಸುಲಭ, ಇದೂ ಬರುವುದಿಲ್ಲವೇ’ ಎಂದು ನೀವು ಗದರುವುದಿಲ್ಲ. ನೀವೂ ಕಲಿಯಬೇಕೆಂದಿದ್ದರೆ ಹೀಗೆಯೇ ಶುರು ಮಾಡಿ: ನಿಮ್ಮ ಅಳತೆಯ ಸೈಕಲ್ ಹುಡುಕಿ, ಪೆಡಲ್ ಬಿಚ್ಚಿ, ಸೀಟು ಇಳಿಸಿ, ಮಗನ ಪಕ್ಕದಲ್ಲಿ ನೀವೂ ನೂಕುತ್ತಾ ಹೋಗಿ. ಒಂದು ಎಚ್ಚರಿಕೆ: ದೊಡ್ಡವರ ಸೈಕಲ್ಲಿನಲ್ಲಿ ಕೆಲವೊಮ್ಮೆ ಸೀಟು ಬೇಕಾದಷ್ಟು ಇಳಿಯುವುದಿಲ್ಲ. ಎರಡೂ ಪಾದ ಪೂರ್ತಿ ನೆಲಕ್ಕೆ ಊರದ ಸೈಕಲ್ಲಿನಲ್ಲಿ ಅಭ್ಯಾಸ ಮಾಡಬೇಡಿ. ಬೇರೆಯವರಿಂದ ಚಿಕ್ಕದೊಂದನ್ನು ಎರವಲು ತಂದುಕೊಳ್ಳಿ.